ಮುಲಾಮಿನ ಡಬ್ಬಿಯಲ್ಲಿ ಏಳು ಗಂಡು ಹುಳ

ನಾನು ವಿಜ್ಞಾನಕ್ಕೆ ಜೀವನದಲ್ಲಿ ಒಂದೇ ಒಂದು ಸಲ ಮೋಸ ಮಾಡಿದ್ದೇನೆ. ಅದರ ಉದ್ದ ಮೂರು ಮಿಲಿಮೀಟರು. ಇಷ್ಟು ಚಿಕ್ಕ ಮೋಸವನ್ನು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುವ ಅಗತ್ಯವೇನಿತ್ತು ಎಂದು ನೀವು ಕೇಳಬಹುದು. ದೊಡ್ಡ ತಪ್ಪು ಮಾಡಿದವರು ಅದನ್ನು ಮರೆತು ಸುಖವಾಗಿರುತ್ತಾರೆ. ಚಿಕ್ಕ ತಪ್ಪು ಹಾಗಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನಂತೆ, ಬೇರೆ ಕೆಲಸವಿಲ್ಲದಾಗಲೆಲ್ಲ ನಾಲಿಗೆ ಅಲ್ಲಿಗೇ ಹೋಗುತ್ತದೆ. ನನಗೆ ಬೇರೆ ಕೆಲಸವಿಲ್ಲದ ಹೊತ್ತು ಯಾವಾಗಲೂ ಧಾರಾಳವಾಗಿತ್ತು.

ರಾಜ್ಯ ಒಂದಾದ ಹೊಸತರಲ್ಲಿ ನಾನು ತುಮಕೂರು ಕಡೆಯಿಂದ ಮಂಗಳೂರಿನ ಒಂದು ಕಾಲೇಜಿಗೆ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಬಂದೆ. ಡೆಮಾನ್‌ಸ್ಟ್ರೇಟರ್ ಎಂದರೆ ಪಾಠ ಮಾಡುವವರಿಗಿಂತ ಕೆಳಗೆ, ಕಪ್ಪೆಗಿಂತ ಸ್ವಲ್ಪ ಮೇಲೆ. ಹುಡುಗರಿಗೆ ತಲೆಗೊಂದು ಕಪ್ಪೆ ಹಂಚುವುದು, ಅವರು ಕೊಯ್ದು ಕೆಡಿಸಿದ್ದನ್ನು ನೋಡಿ ನಿಟ್ಟುಸಿರು ಬಿಡುವುದು, ಸಂಜೆ ತಟ್ಟೆಗಳನ್ನು ಎಣಿಸಿ ಬೀಗ ಹಾಕುವುದು ನನ್ನ ಕೆಲಸ. ಆಗ ನನಗೆ ಮೂವತ್ತಾರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೋಗಿತ್ತು. ತಾಯಿ ತೀರಿಕೊಂಡ ಮೇಲೆ ಊರಿನಿಂದ ಕಾಗದ ಬರುವುದು ನಿಂತಿತ್ತು. ಮಂಗಳೂರಿನಲ್ಲಿ ಮನೆಗಳೊಳಗೆ ತುಳು, ಕೊಂಕಣಿ, ಬ್ಯಾರಿ. ನನ್ನನ್ನು ಕಂಡ ಕೂಡಲೇ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು, ಅದೂ ಅಚ್ಚುಕಟ್ಟಾದ ಪುಸ್ತಕದ ಕನ್ನಡಕ್ಕೆ. ನೆಂಟರು ಬಂದಾಗ ಮನೆಯ ಯಜಮಾನರು ಎದ್ದು ಅಂಗಿ ಹಾಕಿಕೊಳ್ಳುತ್ತಾರಲ್ಲ, ಹಾಗೆ. ನಾನು ಬೆನ್ನು ತಿರುಗಿಸಿದ ಮೇಲೆ ಅಂಗಿ ಮತ್ತೆ ಗೂಟಕ್ಕೆ ಹೋಗುತ್ತಿತ್ತು. ಹಿಂದಿನಿಂದ ನಗು ಕೇಳಿಸುತ್ತಿತ್ತು. ನನ್ನನ್ನು ಕುರಿತು ನಕ್ಕದ್ದಲ್ಲ. ನನ್ನನ್ನು ಕುರಿತಾಗಿದ್ದರೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ಬಾಡಿಗೆಗೆ ಒಂದು ಕೋಣೆ ಮಣ್ಣಗುಡ್ಡದಲ್ಲಿ ಸಿಕ್ಕಿತು. ಮನೆಯೊಡತಿ ಸೆವ್ರಿನ್ ಬಾಯಿ, ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು ನಿವೃತ್ತಿಯಾದವರು. ಮದುವೆಯಾದವರಲ್ಲ. ಎತ್ತರದ, ನೇರ ಬೆನ್ನಿನ ಹೆಂಗಸು. ಮಾತಾಡಿದರೆ ಜ್ವರ ಇಳಿಯಬೇಕು, ಹಾಗಿತ್ತು ದನಿ. ನನ್ನ ಕೋಣೆಗೂ ಅವರ ಊಟದ ಕೋಣೆಗೂ ನಡುವೆ ಒಂದು ಬಾಗಿಲಿತ್ತು. ಮೀನಿನ ವಾಸನೆ ಬರುತ್ತದೆಂದು ನಾನು ಈ ಕಡೆಯಿಂದ ಅದಕ್ಕೆ ನನ್ನ ಟ್ರಂಕು ಒತ್ತಿಟ್ಟಿದ್ದೆ. ನಮ್ಮಿಬ್ಬರ ಮಾತುಕತೆ ಬಾವಿಕಟ್ಟೆಯಲ್ಲಿ ನಡೆಯುತ್ತಿತ್ತು. ಅವರು ಊಟ ಆಯಿತಾ ಎಂದು ಕೇಳುತ್ತಿದ್ದರು, ನಾನು ಹೋಟೆಲಿನಲ್ಲಿ ಆಯಿತು ಎನ್ನುತ್ತಿದ್ದೆ. ಮೊದಲ ವರ್ಷದಲ್ಲಿ ನಾವು ಇದಕ್ಕಿಂತ ಮುಂದೆ ಹೋಗಲಿಲ್ಲ.

ಭಾನುವಾರ ಕಳೆಯುವುದು ಕಷ್ಟವಾಗಿ, ನಾನು ಬಂದರಿಗೆ ನಡೆದು ಹೋಗಿ ದೋಣಿಯಲ್ಲಿ ಕಡವು ದಾಟಿ, ಹೊಳೆಗೂ ಸಮುದ್ರಕ್ಕೂ ನಡುವೆ ಚಾಚಿದ ಬೆಂಗ್ರೆಯ ಮರಳಿನಲ್ಲಿ ತಿರುಗಾಡುವ ಅಭ್ಯಾಸ ಮಾಡಿಕೊಂಡೆ. ದೋಣಿ ನಡೆಸುತ್ತಿದ್ದವನು ಕೊಗ್ಗಣ್ಣ, ಮೀನು ಹಿಡಿಯುವ ಮೊಗವೀರರವನು. ಸಮುದ್ರಕ್ಕೆ ಹೋಗುವುದನ್ನು ಬಿಟ್ಟು, ಮೊಣಕಾಲು ನೋವಿನಿಂದಾಗಿ ಹೊಳೆಗೆ ಬಂದವನು. ಹೊಳೆಯನ್ನು ಅವನು ಪಿಂಚಣಿಯ ಹಾಗೆ ಕಾಣುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಮರಳ ಮೇಲೆ ಕೂತಿದ್ದಾಗ ನನ್ನ ಕರವಸ್ತ್ರದ ಮೇಲೆ ಏನೋ ಟಿಕ್ ಎಂದು ಹಾರಿ ಬಿತ್ತು. ನೋಡಿದರೆ ಒಂದು ಹುಳ, ಅಕ್ಕಿಕಾಳಿನ ಅರ್ಧದಷ್ಟು. ಬೆನ್ನ ಮೇಲೆ ಬಿದ್ದಿತ್ತು. ಕಾಲು ಮಡಚಿಕೊಂಡು ಸತ್ತಂತೆ ಇದ್ದು, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಮತ್ತೆ ಟಿಕ್ ಎಂದು ಸದ್ದು ಮಾಡಿ ಗಾಳಿಯಲ್ಲಿ ಪಲ್ಟಿ ಹೊಡೆದು ಕಾಲ ಮೇಲೆ ನಿಂತಿತು. ಇದರ ದೊಡ್ಡ ಜಾತಿಯನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಕಡೆ ಮಕ್ಕಳು ಹಿಡಿದು ಅಂಗಾತ ಮಲಗಿಸಿ ಚಿಟಿಕೆ ಹೊಡೆಸುತ್ತಾರೆ. ಆದರೆ ಇಷ್ಟು ಚಿಕ್ಕದನ್ನು, ಕಪ್ಪು ಬೆನ್ನಿನ ಮೇಲೆ ನಾಲ್ಕು ಹಳದಿ ಚುಕ್ಕೆ ಇರುವುದನ್ನು ನಾನು ಕಂಡಿರಲಿಲ್ಲ. ಇದಕ್ಕೆ ಹೆಸರೇನು ಎಂಬ ಪ್ರಶ್ನೆ ನನ್ನೊಳಗೆ ಹೊಕ್ಕಿತು. ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಮನೆಗೆ ತಂದೆ.

ಕಾಲೇಜಿನ ಲೈಬ್ರರಿಯಲ್ಲಿ ಹುಳಗಳನ್ನು ಗುರುತಿಸುವ ಒಂದು ದಪ್ಪ ಪುಸ್ತಕವಿತ್ತು. ಅಂಥ ಪುಸ್ತಕದಲ್ಲಿ ಇರುವುದೆಲ್ಲ ಪ್ರಶ್ನೆಗಳೇ. ಮೀಸೆಯ ಮೂರನೆಯ ಗಿಣ್ಣು ಎರಡನೆಯದಕ್ಕಿಂತ ಉದ್ದವೋ, ಸಮವೋ? ಉದ್ದವಾಗಿದ್ದರೆ ಹದಿನಾಲ್ಕಕ್ಕೆ ಹೋಗಿ. ಎದೆಯ ಮೇಲೆ ಗೆರೆ ಉಂಟೋ, ಇಲ್ಲವೋ? ಇಲ್ಲವಾದರೆ ಇಪ್ಪತ್ತೇಳಕ್ಕೆ ಹೋಗಿ. ನಾನು ಎರಡು ತಿಂಗಳು ಹೋದೆ, ಬಂದೆ, ಮತ್ತೆ ಹೋದೆ. ಆ ವರ್ಷ ನನ್ನನ್ನು ಅಷ್ಟು ಪ್ರಶ್ನೆ ಕೇಳಿದವರು ಬೇರೆ ಯಾರೂ ಇಲ್ಲವಾದ್ದರಿಂದ ನನಗೆ ಬೇಸರವಾಗಲಿಲ್ಲ. ಕೊನೆಗೆ ಪುಸ್ತಕವೇ ಸೋತಿತು. ಈ ಚಿಕ್ಕ ಗುಂಪನ್ನು ಇನ್ನೂ ಯಾರೂ ಸರಿಯಾಗಿ ನೋಡಿಲ್ಲ ಎಂದು ಅಡಿಟಿಪ್ಪಣಿ ಹಾಕಿ ಮುಗಿಸಿಬಿಟ್ಟಿತ್ತು. ಯಾರೂ ನೋಡಿಲ್ಲವೆಂದರೆ ಹೊಸದಿರಬಹುದು. ಹೊಸದಾದರೆ ಯಾರಾದರೂ ಅದಕ್ಕೆ ನನ್ನ ಹೆಸರು ಇಡಬಹುದು. ಒಂದು ಹುಳವಾದರೂ ನನ್ನ ಹೆಸರು ಹೇಳುತ್ತದೆ ಎಂದು ಅಂದುಕೊಂಡದ್ದನ್ನು ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಆಗ ಮಾತ್ರ ಎರಡು ದಿನ ಹೋಟೆಲಿನಲ್ಲಿ ಒಂದೊಂದು ದೋಸೆ ಹೆಚ್ಚು ತಿಂದೆ.

ಇಂಗ್ಲೆಂಡಿನ ಒಂದು ಮ್ಯೂಸಿಯಮ್ಮಿನಲ್ಲಿ ಈ ಹುಳಗಳನ್ನೇ ನೋಡುವ ಹಿರಿಯರೊಬ್ಬರಿದ್ದಾರೆಂದು ತಿಳಿದು, ಹತ್ತಿಯಲ್ಲಿ ಸುತ್ತಿ ಕಳಿಸಿದೆ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಹುಳ ತಲುಪಿತಂತೆ. ತಲೆ, ಎದೆ, ಕಾಲುಗಳು ಪ್ರತ್ಯೇಕ ಪ್ರತ್ಯೇಕವಾಗಿ ತಲುಪಿದವಂತೆ. ಹೊಟ್ಟೆಯ ಭಾಗ ಹಿಟ್ಟಾಗಿತ್ತಂತೆ. ಯಾವ ಕುಲದ್ದು ಎಂದು ಹೇಳಬಹುದು, ಯಾವ ಜಾತಿಯದು ಎಂದು ಹೇಳಲು ಗಂಡು ಹುಳವೇ ಬೇಕು, ಅದರ ಜನನಾಂಗದ ಆಕಾರ ನೋಡದೆ ಸಾಧ್ಯವಿಲ್ಲ, ದಯವಿಟ್ಟು ಹತ್ತಾದರೂ ಹಿಡಿದು ಕಳಿಸಿ ಎಂದು ಕೈಬರಹದಲ್ಲಿ ಬರೆದಿದ್ದರು. ಸಹಿ ಓದಲು ಬರುತ್ತಿರಲಿಲ್ಲ, ಮುಂದೆಯೂ ನಾನು ಮ್ಯೂಸಿಯಮ್ಮಿನ ವಿಳಾಸಕ್ಕೇ ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ಇಲ್ಲಿ ಒಂಬತ್ತು ದಿನದಿಂದ ಮಂಜು ಬಿಟ್ಟಿಲ್ಲ, ನಿಮ್ಮಲ್ಲಿ ಬಿಸಿಲಿದೆಯೆ? ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ! ಕುಲ, ಜಾತಿಯ ಭಾಗವನ್ನು ಒಂದು ಸಲ ಓದಿದೆ. ಉಳಿದದ್ದೆಲ್ಲ ಕೊನೆಯ ಸಾಲು. ನಮ್ಮಲ್ಲಿ ಬಿಸಿಲಿದೆಯೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಬಿಸಿಲನ್ನು ಕುರಿತು ನಾಲ್ಕು ಪುಟ ಬರೆದೆ.

ಇನ್ನು ಗಂಡು ಹುಳ ಹುಡುಕಬೇಕಿತ್ತು. ಮುಂದಿನ ಭಾನುವಾರ ನಾನು ಬೆಂಗ್ರೆಯ ಮರಳಿನಲ್ಲಿ ಮಂಡಿಯೂರಿ, ಮುಖ ನೆಲಕ್ಕೆ ತಾಗಿಸಿಕೊಂಡು ತೆವಳುತ್ತಿದ್ದೆ. ಸುತ್ತ ಜನ ಸೇರಿದರು. ಮಾಸ್ತರರ ಚಿನ್ನದ ಉಂಗುರ ಬಿದ್ದುಹೋಗಿದೆ ಎಂದು ಯಾರೋ ಅಂದರಂತೆ. ಬಲೆ ಹರಡುತ್ತಿದ್ದ ಗಂಡಸರು, ಮೀನು ಒಣಗಿಸುತ್ತಿದ್ದ ಹೆಂಗಸರು, ಎಲ್ಲರೂ ಪಾಪ, ಕೆಲಸ ಬಿಟ್ಟು ಬಂದು ಸಾಲಾಗಿ ಕೂತು ಮರಳು ಜರಡಿ ಹಿಡಿಯತೊಡಗಿದರು. ಒಬ್ಬ ಅಜ್ಜಿ ನನ್ನ ಭುಜ ತಟ್ಟಿ ಸಮಾಧಾನವನ್ನೂ ಹೇಳಿದಳು. ನನಗೆ ಸತ್ಯ ಹೇಳಲು ಬಾಯಿ ಬರಲಿಲ್ಲ. ಅಷ್ಟು ಜನ ನನಗೋಸ್ಕರ ಒಂದು ಕಡೆ ಕೂತದ್ದು ಅದೇ ಮೊದಲು. ಅರ್ಧ ಗಂಟೆಯ ಮೇಲೆ ಕೊಗ್ಗಣ್ಣ ಬಂದು ಉಂಗುರದಲ್ಲಿ ಕಲ್ಲು ಉಂಟಾ ಎಂದು ಕೇಳಿದಾಗ, ಹುಡುಕುತ್ತಿರುವುದು ಉಂಗುರವಲ್ಲ, ಹುಳ ಎಂದು ಒಪ್ಪಿಕೊಂಡೆ. ಆಮೇಲೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಅಂದಿನಿಂದ ಬೆಂಗ್ರೆಯಲ್ಲಿ ನಾನು 'ಪುರಿ ಮಾಸ್ಟ್ರು'. ನಮ್ಮ ಕಡೆ ಪುರಿ ಎಂದರೆ ಮಂಡಕ್ಕಿ. ನಾನು ಬಡಕಲಾಗಿ ಹಗುರಾಗಿದ್ದೇನೆಂದು ಹಾಗೆ ಕರೆಯುತ್ತಾರೆಂದು ತಿಳಿದಿದ್ದೆ. ತುಳುವಿನಲ್ಲಿ ಪುರಿ ಎಂದರೆ ಹುಳವಂತೆ. ಇದು ಗೊತ್ತಾಗಲು ಆರು ತಿಂಗಳು ಹಿಡಿಯಿತು. ಗೊತ್ತಾದ ಮೇಲೆ ನನಗೆ ಮಂಡಕ್ಕಿಯೇ ವಾಸಿ ಅನ್ನಿಸಿತು.

ಕೊಗ್ಗಣ್ಣ ಮಾತ್ರ ನಗಲಿಲ್ಲ. ಹುಳ ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ಕೇಳಿ ತಿಳಿದುಕೊಂಡ. ಆಮೇಲೆ ಪ್ರತಿ ಭಾನುವಾರ ಒಂದು ಬೆಂಕಿಪೊಟ್ಟಣ ಸಿದ್ಧವಾಗಿರುತ್ತಿತ್ತು. ಒಮ್ಮೆ ಇರುವೆ, ಒಮ್ಮೆ ಏಡಿಮರಿ, ಒಮ್ಮೆ ಏನೂ ಇಲ್ಲ. ಅದು ಓಡಿಹೋಯಿತು ಎಂದ. ಮಳೆ ಮುಗಿದು ಹೊಳೆ ತಿಳಿಯಾದ ಮೇಲೆ ಒಂದು ದಿನ ಅವನು ದೋಣಿಯಿಂದ ಇಳಿಯದೆಯೇ ಕೈ ಮುಂದೆ ಚಾಚಿದ. "ಮಾಸ್ಟ್ರೇ, ಕವುಚಿ ಹಾಕಿದ ದೋಣಿ ಉಂಟಲ್ಲ, ಅದರ ಅಡಿಯಲ್ಲಿ ಮರಳು ಚಂಡಿ ಇರ್ತದೆ, ಒಣಗುದಿಲ್ಲ. ಅಲ್ಲಿ ಇತ್ತು. ಹಾರಿ ಹಾರಿ ಬೀಳ್ತದೆ, ಕೇಳಿ." ಪೊಟ್ಟಣವನ್ನು ಕಿವಿಗೆ ಹಿಡಿದೆ. ಒಳಗೆ ಟಿಕ್, ಟಿಕ್ ಎನ್ನುತ್ತಿತ್ತು. ಹನ್ನೊಂದು ಹುಳಗಳಿದ್ದವು.

ಹನ್ನೊಂದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು? ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹುಳವನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಸೂಜಿಯಿಂದ ಹಿಂಭಾಗವನ್ನು ಒತ್ತಿ ಅಂಗವನ್ನು ಹೊರಗೆ ತೆಗೆಯಬೇಕು. ಕಾಲೇಜಿನಿಂದ ಹಳೆಯ ಸೂಕ್ಷ್ಮದರ್ಶಕವನ್ನು ಕೇಳಿ ತಂದಿದ್ದೆ. ನನ್ನ ಕೋಣೆಯಲ್ಲಿ ಬೆಳಕೂ ಸಾಲದು, ಸೂಜಿಯೂ ದಪ್ಪ. ಬಾವಿಕಟ್ಟೆಯಲ್ಲಿ ಸೆವ್ರಿನ್ ಬಾಯಿಯವರನ್ನು ಒಂದು ಇಂಜೆಕ್ಷನ್ ಸೂಜಿ ಇದೆಯೇ ಎಂದು ಕೇಳಿದೆ. ಎಂತಕ್ಕೆ ಎಂದರು. ನಾನು ಹುಳ ಎಂದೆ, ಪರೀಕ್ಷೆ ಎಂದೆ, ಒಂದು ನಿರ್ದಿಷ್ಟ ಭಾಗ ಎಂದೆ, ಬಾವಿಯೊಳಗೆ ನೋಡಿದೆ. ಅವರು ಕೊಡ ಕೆಳಗಿಟ್ಟರು.

"ಗಂಡೋ ಹೆಣ್ಣೋ ನೋಡ್ಲಿಕ್ಕೆ ಅಲ್ವಾ? ಅಷ್ಟು ಹೇಳ್ಲಿಕ್ಕೆ ಇಷ್ಟು ನಾಚಿಕೆ ಎಂತಕ್ಕೆ? ಮೂವತ್ತೊಂದು ವರ್ಷ ನಾನು ಅದನ್ನೇ ನೋಡಿ ಹೊರಗೆ ಬಂದು ಹೇಳ್ತಿದ್ದೆ. ಟೇಬಲ್ ನನ್ನ ಕಿಟಕಿಯ ಹತ್ತಿರ ಉಂಟು, ಬನ್ನಿ."

ಟ್ರಂಕು ಸರಿಸಿ ಬಾಗಿಲು ತೆಗೆದೆ. ಮೀನಿನ ವಾಸನೆ ಇತ್ತು. ಐದು ನಿಮಿಷದ ಮೇಲೆ ಇರಲಿಲ್ಲ, ಅಥವಾ ನಾನು ಗಮನಿಸಲಿಲ್ಲ. ಅವರು ಇಗರ್ಜಿಯಿಂದ ಬಂದ ಮೇಲೆ, ಬೆಳಗಿನ ಬೆಳಕಿನಲ್ಲಿ, ಮೂರು ಭಾನುವಾರ ನಾವಿಬ್ಬರೂ ಆ ಊಟದ ಮೇಜಿನ ಮುಂದೆ ಕೂತೆವು. ಮೊದಲ ಹುಳವನ್ನು ನಾನೇ ಎತ್ತಿಕೊಂಡೆ. ಸೂಜಿ ಜಾರಿ ಅದರ ಒಂದು ಕಾಲು ಉಪ್ಪಿನಕಾಯಿ ಭರಣಿಯ ಕಡೆಗೆ ಹಾರಿತು. ಸೆವ್ರಿನ್ ಬಾಯಿ ನನ್ನ ಕೈಯಿಂದ ಸೂಜಿ ತೆಗೆದುಕೊಂಡರು. ಅವರ ಕೈಯಲ್ಲಿ ಅದು ಜಾರಲಿಲ್ಲ. ಒಂದೊಂದನ್ನೂ ನೋಡಿ, ವಾರ್ಡಿನ ಬಾಗಿಲಲ್ಲಿ ನಿಂತು ಹೇಳುವ ದನಿಯಲ್ಲಿ "ಗಂಡು", "ಹೆಣ್ಣು" ಎಂದು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನಡುನಡುವೆ ಅವರ ಕೈಗೆ ಹುಟ್ಟಿದ ಮಕ್ಕಳ ಕಥೆ ಬರುತ್ತಿತ್ತು. ಮಂಗಳೂರಿನ ಅರ್ಧ ಜನ ಅವರ ಕೈಯಲ್ಲಿ ತಲೆಕೆಳಗಾಗಿ ತೂಗಿದವರೇ. ಈಗ ರಸ್ತೆಯಲ್ಲಿ ಎದುರು ಬಂದರೆ ಗುರುತು ಹಿಡಿಯುವುದಿಲ್ಲ ಎಂದರು, ದೂರಿನ ದನಿಯಲ್ಲೇನೂ ಅಲ್ಲ. ಆಗ ಅವರ ಕಣ್ಣು ಮುಚ್ಚಿರ್ತದಲ್ಲ ಎಂದು ಅವರೇ ಸಮರ್ಥಿಸಿದರು. ಲೆಕ್ಕ ಮುಗಿದಾಗ ಏಳು ಗಂಡು, ನಾಲ್ಕು ಹೆಣ್ಣು. ಗಂಡುಗಳನ್ನು ಹತ್ತಿ ಹಾಸಿದ ಒಂದು ಖಾಲಿ ಮುಲಾಮಿನ ಡಬ್ಬಿಯಲ್ಲಿ ಅವರೇ ಸಾಲಾಗಿ ಮಲಗಿಸಿ ಕೊಟ್ಟರು.

ಈಗ ನನ್ನ ಮೋಸದ ಭಾಗ. ಅಷ್ಟರಲ್ಲಿ ಇಂಗ್ಲೆಂಡಿನ ಹಿರಿಯರಿಂದ ಇನ್ನೂ ಮೂರು ಕಾಗದ ಬಂದಿದ್ದವು. ಪ್ರತಿಯೊಂದರಲ್ಲೂ ಗಂಡು ಹುಳ ಸಿಕ್ಕಿತೇ ಎಂಬ ಪ್ರಶ್ನೆ. ಆಮೇಲೆ ಅವರ ಬೆಕ್ಕು, ಅವರ ಮೊಣಕಾಲು, ಕೊಗ್ಗಣ್ಣನ ಮೊಣಕಾಲು ಹೇಗಿದೆ ಎಂಬ ವಿಚಾರಣೆ. ಮಧ್ಯಾಹ್ನ ಬಜಪೆಯ ಕಡೆ ಟಪಾಲು ತರುವ ವಿಮಾನ ಇಳಿಯುವ ಸದ್ದು ಕೇಳಿದರೆ ಕಪ್ಪೆ ಹಿಡಿದ ನನ್ನ ಕೈ ನಿಲ್ಲುತ್ತಿತ್ತು. ಹುಡುಗರು ತಮ್ಮೊಳಗೆ ನಗುತ್ತಿದ್ದರು. ಏಳು ಗಂಡುಗಳನ್ನೂ ಕಳಿಸಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಅವರು ನೋಡುತ್ತಾರೆ, ಹೆಸರು ಹೇಳುತ್ತಾರೆ, ಮುಗಿಯಿತು. ಆಮೇಲೆ ಅವರು ನನಗೆ ಬರೆಯಲು ಕಾರಣವೇ ಇಲ್ಲ. ನಾಲ್ಕು ಹೆಣ್ಣುಗಳನ್ನು ಮಾತ್ರ ಭದ್ರವಾಗಿ ಕಟ್ಟಿ, ಗಂಡು ಇನ್ನೂ ಸಿಕ್ಕಿಲ್ಲ, ಪ್ರಯತ್ನ ಮುಂದುವರಿದಿದೆ ಎಂದು ಬರೆದೆ. ಮುಲಾಮಿನ ಡಬ್ಬಿ ಬಟ್ಟೆಗಳ ಕೆಳಗೆ ಹೋಯಿತು. ನಾಚಿಕೆಯಾಯಿತು, ನಿಜ. ಆದರೆ ಎರಡು ತಿಂಗಳಿಗೆ ಉತ್ತರ ಬಂದಾಗ ಸಂತೋಷವೂ ಆಯಿತು. ಹೀಗೆಯೇ ಒಂದು ಮಳೆಗಾಲ ಕಳೆದು ಇನ್ನೊಂದು ಬೇಸಿಗೆಯವರೆಗೆ ನಡೆಯಿತು. ಈಚಿನ ಕಾಗದಗಳಲ್ಲಿ ಅಕ್ಷರ ದೊಡ್ಡದಾಗುತ್ತಾ ಸಾಲು ಓರೆಯಾಗುತ್ತಾ ಬಂದದ್ದನ್ನು ಕಂಡೆ. ವಯಸ್ಸಾದವರ ಅವಸರ ಎಂದುಕೊಂಡೆ. ಆಮೇಲೆ ಕಾಗದಗಳೇ ಬರಲಿಲ್ಲ. ಚಳಿ ಹೆಚ್ಚಿರಬೇಕು ಎಂದುಕೊಂಡೆ.

ಸೆವ್ರಿನ್ ಬಾಯಿ ಬಾವಿಕಟ್ಟೆಯಲ್ಲಿ ಸಿಕ್ಕಾಗಲೆಲ್ಲ, ನಮ್ಮ ಗಂಡಸರ ಸುದ್ದಿ ಎಂತ ಆಯಿತು ಎಂದು ಕೇಳುತ್ತಿದ್ದರು. ದೊಡ್ಡ ಕೆಲಸ, ತಡವಾಗುತ್ತದೆ ಎನ್ನುತ್ತಿದ್ದೆ. ಹೆದರಿಕೆಯಿಂದ ನಡುಬಾಗಿಲಿಗೆ ಟ್ರಂಕು ಮತ್ತೆ ಬಂದಿತ್ತು. ಮೇ ತಿಂಗಳಲ್ಲಿ ನನಗೆ ಜ್ವರ ಬಂತು. ಬಾಯಿ ಗಂಜಿ ತಂದು, ಹಣೆಗೆ ಬಟ್ಟೆ ಹಾಕಲೆಂದು ಕರವಸ್ತ್ರ ಹುಡುಕಿ ಬಟ್ಟೆಗಳ ಕೆಳಗೆ ಕೈಯಾಡಿಸಿದಾಗ ಡಬ್ಬಿ ಅವರ ಕೈಗೆ ಸಿಕ್ಕಿತು. ಮುಚ್ಚಳ ತೆಗೆದು ನೋಡಿದರು. ಏಳೂ ಅವರು ಮಲಗಿಸಿದ ಹಾಗೆಯೇ ಮಲಗಿದ್ದವು. ನಾನು ಜ್ವರ ಹೆಚ್ಚಿದವನಂತೆ ಕಣ್ಣು ಮುಚ್ಚಿದೆ. ಮೂವತ್ತೊಂದು ವರ್ಷದ ನರ್ಸಿನ ಮುಂದೆ ಅದು ನಡೆಯಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ವಾರ್ಡಿನಲ್ಲಿಯೂ ಕೆಲವರು ಇರ್ತಿದ್ದರು, ಮಾಸ್ಟ್ರೇ. ಗುಣ ಆಗಿರ್ತದೆ. ಆದರೂ ನೋವು ಉಂಟು ಅಂತ ಹೇಳ್ತಾರೆ. ಮನೆಯಲ್ಲಿ ಮಾತಾಡ್ಲಿಕ್ಕೆ ಜನ ಇಲ್ಲ, ಅದಕ್ಕೆ. ನಮಗೆ ಗೊತ್ತಾಗ್ತಿತ್ತು. ಎರಡು ದಿನ ಇಟ್ಟುಕೊಳ್ತಿದ್ದೆವು. ಮೂರನೇ ದಿನ ಕಳಿಸ್ತಿದ್ದೆವು. ಬೇರೆಯವರು ಕಾಯ್ತಾ ಇರ್ತಾರಲ್ಲ." ಡಬ್ಬಿಯ ಮುಚ್ಚಳ ಹಾಕಿ, "ನೀವು ಎಷ್ಟು ದಿನ ಇಟ್ಟುಕೊಂಡಿರಿ?" ಎಂದರು.

ಒಂದೂವರೆ ವರ್ಷ ಎಂದೆ. ಅವರು ಬೈಯಲಿಲ್ಲ. ಮರುದಿನ ತಾವೇ ಹತ್ತಿ ಹಾಕಿ ಕಟ್ಟಿ, ತಾವೇ ಅಂಚೆ ಕಚೇರಿಗೆ ಹೋಗಿ ಹಾಕಿ ಬಂದರು.

ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಈ ಸಲ ಟೈಪು ಮಾಡಿದ ಕಾಗದ, ಬೇರೆ ಯಾರದೋ ಸಹಿ. ಹುಳದ ಹೆಸರು ಮೊದಲ ಸಾಲಿನಲ್ಲೇ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಹುಳಕ್ಕಿಂತ ಬಹಳ ಉದ್ದ. ಹೊಸದಲ್ಲವಂತೆ. ಹೋದ ಶತಮಾನದಲ್ಲೇ ಸಿಲೋನಿನಲ್ಲಿ ಹಿಡಿದು ಹೆಸರಿಟ್ಟಿದ್ದಾರಂತೆ, ಕರಾವಳಿಯ ಮರಳಿನಲ್ಲಿ ಎಲ್ಲೆಲ್ಲೂ ಇರುವಂಥದಂತೆ. ಕೆಳಗೆ, ನಮ್ಮ ಹಿರಿಯ ಸಹೋದ್ಯೋಗಿ ಕಳೆದ ಫೆಬ್ರವರಿಯಲ್ಲಿ ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ ಎಂದಿತ್ತು. ಕಣ್ಣು ಪೂರ್ತಿ ಹೋಗಿದ್ದರೂ, ಮಂಗಳೂರಿನ ಗಂಡು ಹುಳಗಳು ಬಂದವೇ ಎಂದು ಆಸ್ಪತ್ರೆಯಿಂದ ಕೇಳಿ ಕಳಿಸುತ್ತಿದ್ದರಂತೆ. ಇನ್ನು ಮುಂದೆ ಹುಳ ಕಳಿಸುವ ಅಗತ್ಯವಿಲ್ಲ, ವಂದನೆಗಳು.

ನಾನು ಟ್ರಂಕು ಸರಿಸಿ ಆ ಕಡೆಗೆ ಹೋದೆ. ಸೆವ್ರಿನ್ ಬಾಯಿಗೆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರಿಗೆ ಇಂಗ್ಲಿಷು ನನಗಿಂತ ಚೆನ್ನಾಗಿ ಬರುತ್ತಿತ್ತೆಂಬುದು ನನಗೆ ನೆನಪಿರಲಿಲ್ಲ, ಅವರೂ ನೆನಪಿಸಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಅವರ ಹೆಸರು ಎಂತ, ಪೂಜೆಯಲ್ಲಿ ಹೇಳಿಸ್ತೇನೆ ಎಂದರು. ಟೈಪಿನಲ್ಲಿ ಸ್ಪಷ್ಟವಾಗಿತ್ತು. ಆ ಹೆಸರನ್ನು ನಾನು ಆಗಲೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೇಳಿ, ಕನ್ನಡಕ ತೆಗೆದು ಒರೆಸತೊಡಗಿದೆ. ಬಾಯಿ ಅಡಿಗೆಮನೆಗೆ ಹೋಗಿ, ಬೇಕೆಂದೇ ಪಾತ್ರೆಗಳನ್ನು ಸದ್ದು ಮಾಡಿ ತೊಳೆದರು.

ಕೊಗ್ಗಣ್ಣನಿಗೂ ಹೇಳಬೇಕಾಗಿತ್ತು. ಹುಳಕ್ಕೆ ಹೆಸರು ಮೊದಲೇ ಇತ್ತು ಎಂದೆ. ಅವನು ಹುಟ್ಟು ನಿಲ್ಲಿಸಿ ನನ್ನನ್ನು ನೋಡಿದ. "ಅದಕ್ಕೆ ಹೆಸರು ಉಂಟು ಅಂತಾದರೆ ನಾವು ಎಂತ ಹುಡುಕಿದ್ದು ಮಾರಾಯ್ರೆ?" ಮುದುಕರು ತೀರಿಕೊಂಡದ್ದನ್ನು ಹೇಳಿದಾಗ ಮಾತ್ರ ಅವನು ತಲೆಗೆ ಸುತ್ತಿದ್ದ ಮುಂಡಾಸು ಬಿಚ್ಚಿದ. ತನ್ನ ಮೊಣಕಾಲನ್ನು ವಿಚಾರಿಸಿದ ಮನುಷ್ಯ ಎಂದ.

ಆಮೇಲೆ ಕೆಲವು ವಾರ ನಾನು ಎಲ್ಲಿಗೂ ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಡುಬಾಗಿಲು ತಟ್ಟಿದ ಸದ್ದಾಯಿತು. ಸೆವ್ರಿನ್ ಬಾಯಿ ಒಂದು ಬಸಿ ಹಿಡಿದು ನಿಂತಿದ್ದರು. ಕುಚ್ಚಲಕ್ಕಿಯ ಡಬ್ಬದಲ್ಲಿ ಇದು ಸಿಕ್ಕಿತು, ಎಂತ ಹುಳ ಅಂತ ಸ್ವಲ್ಪ ನೋಡ್ತೀರಾ ಎಂದರು. ನೋಡಿದೆ. ಕಂದು ಮೈ, ಉದ್ದ ಮೂತಿ. ಅಕ್ಕಿಯಲ್ಲಿ ಇರುವ ಅಕ್ಕಿ ಹುಳ. ದೇಶದಲ್ಲಿ ಅಡಿಗೆ ಮಾಡುವ ಪ್ರತಿ ಹೆಂಗಸಿಗೂ ಗೊತ್ತಿರುವುದು, ನಲವತ್ತು ವರ್ಷದಿಂದ ಅಕ್ಕಿ ಗೇರುತ್ತಿದ್ದ ಬಾಯಿಗಂತೂ ಗೊತ್ತೇ ಇರುವುದು. ನಾನು ಕನ್ನಡಕ ಸರಿಮಾಡಿಕೊಂಡು, ಬಸಿಯನ್ನು ಬೆಳಕಿಗೆ ಹಿಡಿದು, ಹೀಗೆ ನೋಡಿದರೆ ಹೇಳಲು ಬರುವುದಿಲ್ಲ, ಸೂಕ್ಷ್ಮದರ್ಶಕ ತರಬೇಕು, ಮೂರು ನಾಲ್ಕು ಭಾನುವಾರವಾದರೂ ಬೇಕಾಗಬಹುದು ಎಂದೆ.

"ಅವಸರ ಎಂತದೂ ಇಲ್ಲ" ಎಂದರು ಬಾಯಿ, ಮೇಜಿನ ಮೇಲಿದ್ದ ಉಪ್ಪಿನಕಾಯಿ ಭರಣಿಯನ್ನು ಮುಂಜಾಗ್ರತೆಗಾಗಿ ಎತ್ತಿ ಒಳಗಿಡುತ್ತಾ.

ವಿಜ್ಞಾನಕ್ಕೆ ಒಂದೇ ಸಲ ಮೋಸ ಮಾಡಿದ್ದೇನೆ ಎಂದು ಮೊದಲಲ್ಲಿ ಬರೆದದ್ದು ತಪ್ಪು. ಎರಡು ಸಲ.